ಕೊಹಿನೂರ್: ಕೊಟ್ಟಿದ್ದಾ, ಕಿತ್ತುಕೊಂಡಿದ್ದಾ?

ಪ್ರಶ್ನೆ: ಕೊಹಿನೂರ್ ವಜ್ರವನ್ನು ಪಂಜಾಬಿನ ರಾಜಮನೆತನದವರೇ ಬ್ರಿಟಿಷರಿಗೆ ಉಡುಗೊರೆ ಕೊಟ್ಟರಂತೆ, ನಿಜವೇ? (ಓದುಗರೊಬ್ಬರು, ಹಾಸನ)

ಉತ್ತರ: ಖಂಡಿತ ಅಲ್ಲ. 1849ರಲ್ಲಿ ಲಾಹೋರ್ ಒಪ್ಪಂದಕ್ಕೆ ಸಹಿ ಹಾಕಿದ ಮಹಾರಾಜ ದುಲೀಪ್ ಸಿಂಗ್‌ಗೆ ಆಗ ಬರೀ 10 ವರ್ಷ. ತಾಯಿ ರಾಣಿ ಜಿಂದನ್‌ಳನ್ನು ಬ್ರಿಟಿಷರು ಅಷ್ಟರಲ್ಲಾಗಲೇ ಮಗನಿಂದ ದೂರ ಮಾಡಿದ್ದರು, ಯುದ್ಧದಲ್ಲಿ ಸಿಖ್ಖರ ಸೈನ್ಯವೂ ಸೋತಿತ್ತು. ವಜ್ರವನ್ನು ಇಂಗ್ಲೆಂಡಿನ ರಾಣಿಗೆ ಒಪ್ಪಿಸಬೇಕು ಅಂತ ಒಪ್ಪಂದದಲ್ಲೇ ಬರೆದಿದ್ದರು. ಇಂಥ ಸ್ಥಿತಿಯಲ್ಲಿ ಮಗು ಹಾಕಿದ ಸಹಿಗೆ ಏನು ಬೆಲೆ, ಹೇಳಿ?

ಹಾಗಂತ ಹಿಂದಿನ ಕಥೆಯೂ ಸೌಮ್ಯವಾದದ್ದೇನಲ್ಲ. 1739ರಲ್ಲಿ ದೆಹಲಿಯನ್ನು ಲೂಟಿ ಮಾಡಿದ ನಾದಿರ್ ಷಾ ಇದನ್ನು ಪರ್ಷಿಯಾಕ್ಕೆ ಒಯ್ದ. ಮುಂದೆ ಅಫ್ಘಾನ್ ದೊರೆಗಳ ಕೈ ಸೇರಿತು. 1813ರಲ್ಲಿ ದುಲೀಪ್ ಸಿಂಗ್‌ನ ತಂದೆ, ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೂಡ ತನ್ನ ಆಶ್ರಯದಲ್ಲಿದ್ದ, ಪಟ್ಟ ಕಳೆದುಕೊಂಡ ಅಫ್ಘಾನ್ ದೊರೆ ಷಾ ಶುಜಾನ ಮೇಲೆ ಒತ್ತಡ ಹಾಕಿಯೇ ಪಡೆದ. ಲಾಹೋರ್ ಈಗ ಸೇರಿರುವ ಪಾಕಿಸ್ತಾನ, ಜೊತೆಗೆ ಅಫ್ಘಾನಿಸ್ತಾನಗಳೂ ಇದು ತಮ್ಮದು ಅನ್ನುವುದು ಇದೇ ಕಾರಣಕ್ಕೆ.

ನನಗೆ ಜಾಸ್ತಿ ಬೇಸರ ತಂದದ್ದು 2016ರ ಸಂಗತಿ. ವಜ್ರವನ್ನು ಕದ್ದೂ ಇಲ್ಲ, ಬಲವಂತವಾಗಿ ಕಿತ್ತುಕೊಂಡೂ ಇಲ್ಲ ಅಂತ ನಮ್ಮ ಕೇಂದ್ರ ಸರ್ಕಾರದ ವಕೀಲರೇ ಸುಪ್ರೀಂ ಕೋರ್ಟಿನಲ್ಲಿ ಹೇಳಿಬಿಟ್ಟರು! ಮರುದಿನವೇ ಸರ್ಕಾರ, ಸೌಹಾರ್ದದಿಂದ ವಾಪಸ್ ತರಲು ಪ್ರಯತ್ನಿಸುತ್ತೇವೆ ಎಂದಿತು. ವಜ್ರ ಇನ್ನೂ ಲಂಡನ್ ಟವರ್‌ನಲ್ಲೇ ಇದೆ.