ಮೇಲೆಸೆದ ಚೆಂಡು ಹಿಂದೆ ಬೀಳುವುದಿಲ್ಲವೇಕೆ?

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ಭಾರೀ ವೇಗದಲ್ಲಿ ತಿರುಗುತ್ತಿದೆ ಎಂದು ಮಗಳಿಗೆ ಹೇಳುತ್ತಿದ್ದೆ. ‘ಹಾಗಾದ್ರೆ ನಾನು ಮೇಲೆಸೆದ ಚೆಂಡು ಕೆಳಗೆ ಬರೋಷ್ಟರಲ್ಲಿ ನೆಲ ಮುಂದೆ ಹೋಗಿರಬೇಕಲ್ವಾ? ಮತ್ತೆ ನನ್ನ ಕೈಗೇ ಹೇಗೆ ಬರುತ್ತೆ?’ ಎಂದಳು. ಗುರುತ್ವಾಕರ್ಷಣೆ ಎಂದುಬಿಟ್ಟೆ. ಅದು ಸರಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗುರುತ್ವಾಕರ್ಷಣೆ ಚೆಂಡನ್ನು ಕೆಳಗೆ ಎಳೆಯುತ್ತದೆಯೇ ಹೊರತು ಪೂರ್ವಕ್ಕೆ ಒಯ್ಯುವುದಿಲ್ಲ. ಹಾಗಾಗಿ ಮಗಳ ಪ್ರಶ್ನೆ ಇನ್ನೂ ಹಾಗೇ ಇದೆ. ಬೆಂಗಳೂರಿನಲ್ಲಿ ನಿಮ್ಮ ಕಾಲಡಿಯ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಐದು ಮೀಟರ್ ಎತ್ತರಕ್ಕೆ ಎಸೆದ ಚೆಂಡು ಹೋಗಿ ಬರಲು ಎರಡು ಸೆಕೆಂಡು ಸಾಕು. ಅವಳ ವಾದದ ಪ್ರಕಾರ ಚೆಂಡು 900 ಮೀಟರ್ ಹಿಂದೆ, ಯಾರದೋ ಮನೆಯ ತಾರಸಿಯ ಮೇಲೆ ಬೀಳಬೇಕಿತ್ತು.

ಈ ಪ್ರಶ್ನೆ ಕೇಳಿದವರೆಲ್ಲ ಘಟಾನುಘಟಿಗಳು. ನೇರ ಮೇಲೆಸೆದ ವಸ್ತು ಎಸೆದಲ್ಲಿಗೇ ಮರಳುತ್ತದೆ, ಆದ್ದರಿಂದ ಭೂಮಿ ನಿಶ್ಚಲ ಎಂದು ಅರಿಸ್ಟಾಟಲ್ ವಾದಿಸಿದ್ದ. ನಮ್ಮಲ್ಲಿ ಆರ್ಯಭಟ ಕ್ರಿ.ಶ. 499ರಲ್ಲಿ ಭೂಮಿಯೇ ತಿರುಗುತ್ತದೆ ಎಂದ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದೆ ಸರಿದಂತೆ ಕಾಣುವ ಹಾಗೆ, ಅಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ ಎಂಬುದು ಅವನ ವಿವರಣೆ. ಉಜ್ಜಯಿನಿಯ ಖಗೋಳಜ್ಞ ವರಾಹಮಿಹಿರ ಇದನ್ನು ಒಪ್ಪಲಿಲ್ಲ. ಹಾಗಿದ್ದರೆ ಆಕಾಶಕ್ಕೆ ಹಾರಿದ ಗಿಡುಗ ತನ್ನ ಗೂಡಿಗೆ ಮರಳುವುದು ಹೇಗೆ? ಧ್ವಜಗಳು ಸದಾ ಪಶ್ಚಿಮಕ್ಕೇ ಹಾರಬೇಡವೇ? 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತನೂ ಆಕ್ಷೇಪ ಎತ್ತಿದ.

ಆರ್ಯಭಟ ಎಲ್ಲವನ್ನೂ ಆಗಲೇ ಹೇಳಿಬಿಟ್ಟಿದ್ದ ಎಂಬ ವಾಟ್ಸಾಪ್ ಸಂದೇಶಗಳು ಆಗಾಗ ಬರುತ್ತವೆ. ಅವನ ಮಾತು ಸರಿಯಾಗಿತ್ತು, ಆದರೆ ಗಿಡುಗಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ದೋಣಿಯ ಉದಾಹರಣೆ ನಮಗೆ ಏನು ಕಾಣುತ್ತದೆ ಎಂಬುದನ್ನು ಹೇಳುತ್ತದೆ. ದೋಣಿಯಲ್ಲಿ ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನಲ್ಲ. ವರಾಹಮಿಹಿರ ಕೇಳಿದ್ದು ಎರಡನೆಯದನ್ನು. ಅವನನ್ನು ಹಳೇ ಕಾಲದ ಹಟಮಾರಿ ಎಂದು ತಳ್ಳಿಹಾಕುವುದು ನನಗೆ ಸರಿಕಾಣದು.

ಉತ್ತರ ಬರಲು ಸಾವಿರ ವರ್ಷವೇ ಹಿಡಿಯಿತು. ಬಿಟ್ಟ ಬಾಣವೂ ನೆಲದ ಜೊತೆಗೇ ಪೂರ್ವಕ್ಕೆ ಸಾಗುತ್ತಿರಬಹುದು ಎಂದು 1377ರಲ್ಲಿ ಫ್ರಾನ್ಸಿನ ವಿದ್ವಾಂಸ ಒರೆಮ್ ಬರೆದ. ಕೊನೆಗೆ ಮಾತ್ರ ಭೂಮಿ ನಿಂತಿದೆ ಎಂದೇ ಮುಗಿಸಿದ! 1632ರಲ್ಲಿ ಗೆಲಿಲಿಯೊ ಓದುಗರನ್ನು ಹಡಗಿನ ಒಳಕೋಣೆಗೆ ಕರೆದೊಯ್ದ. ಅಲ್ಲಿ ಚಿಟ್ಟೆಗಳು ಹಾರುತ್ತಿವೆ, ಮೇಲೆ ತೂಗುಹಾಕಿದ ಪಾತ್ರೆಯಿಂದ ಹನಿಹನಿಯಾಗಿ ನೀರು ಕೆಳಗಿನ ಸಣ್ಣ ಬಾಯಿಯ ಪಾತ್ರೆಗೆ ಬೀಳುತ್ತಿದೆ. ಹಡಗು ಓಲಾಡದೆ ಒಂದೇ ವೇಗದಲ್ಲಿ ಸಾಗಿದರೆ ಚಿಟ್ಟೆ ಹಿಂಗೋಡೆಗೆ ಅಂಟಿಕೊಳ್ಳುವುದಿಲ್ಲ, ಹನಿ ಗುರಿ ತಪ್ಪುವುದಿಲ್ಲ. ಹಡಗಿನ ವೇಗ ಅವಕ್ಕೂ ಇದೆ, ಅದನ್ನು ಕಿತ್ತುಕೊಳ್ಳುವವರು ಯಾರೂ ಇಲ್ಲ. ಓಡುವ ರೈಲಿನಲ್ಲಿ ಕೂತು ಕಡಲೆಕಾಯಿ ಬೀಜವನ್ನು ಮೇಲೆಸೆದು ಬಾಯಲ್ಲಿ ಹಿಡಿಯುವವರಿಗೆ ಇದು ಗೊತ್ತು. 1640ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಗ್ಯಾಸೆಂಡಿ ಮಾರ್ಸೇಲ್ಸ್ ಬಂದರಿನ ಬಳಿ ಸಾಗುತ್ತಿದ್ದ ಹಡಗಿನ ಹಾಯಿಕಂಬದ ತುದಿಯಿಂದ ಕಲ್ಲು ಬೀಳಿಸಿ ನೋಡಿದ. ಕಂಬದ ಬುಡಕ್ಕೇ ಬಿತ್ತು.

ಚಲನೆ ಉಳಿಯಬೇಕಾದರೆ ಯಾರಾದರೂ ತಳ್ಳುತ್ತಲೇ ಇರಬೇಕು ಎಂಬುದು ಅರಿಸ್ಟಾಟಲನ ನಂಬಿಕೆಯಾಗಿತ್ತು. ತಡೆಯುವವರಿಲ್ಲದಿದ್ದರೆ ಚಲನೆ ತಾನಾಗಿ ಮುಂದುವರಿಯುತ್ತದೆ ಎಂದು ಒಪ್ಪಿದ ಮೇಲಷ್ಟೇ ಗಿಡುಗಕ್ಕೆ ಗೂಡು ಸಿಕ್ಕಿತು. ಮಗಳಿಗೆ ಹೇಳಬೇಕಾದದ್ದೂ ಇದನ್ನೇ: ಕೈಬಿಡುವಾಗಲೇ ಚೆಂಡಿಗೆ ಆ 450 ಮೀಟರ್ ವೇಗ ಇರುತ್ತದೆ.

ಆದರೂ ಅವಳ ಅನುಮಾನ ಪೂರ್ತಿ ಸುಳ್ಳಲ್ಲ. ಎತ್ತರಕ್ಕೆ ಹೋದಷ್ಟೂ ಭೂಮಿಯ ಅಕ್ಷದಿಂದ ದೂರವಾಗುತ್ತೇವೆ. ಅಲ್ಲಿ ನೆಲದೊಂದಿಗೆ ಹೆಜ್ಜೆ ಹಾಕಲು ತುಸು ಹೆಚ್ಚು ವೇಗ ಬೇಕು. ಚೆಂಡಿಗೆ ಅದಿಲ್ಲ. ಹಾಗಾಗಿ ಐದು ಮೀಟರ್ ಏರಿ ಇಳಿಯುವಷ್ಟರಲ್ಲಿ ಅದು ಪಶ್ಚಿಮಕ್ಕೆ ಹಿಂದುಳಿಯುತ್ತದೆ, ಸುಮಾರು ಒಂದು ಮಿಲಿಮೀಟರ್. ಗೋಪುರದಿಂದ ಕೆಳಗೆ ಬಿಟ್ಟ ಕಲ್ಲಿನದು ಉಲ್ಟಾ: ತುದಿಯ ಹೆಚ್ಚುವರಿ ವೇಗ ಅದನ್ನು ಪೂರ್ವಕ್ಕೆ ಒಯ್ಯುತ್ತದೆ. 1679ರಲ್ಲಿ ನ್ಯೂಟನ್ ತನ್ನ ಸಮಕಾಲೀನ ವಿಜ್ಞಾನಿ ಹುಕ್‌ಗೆ ಬರೆದ ಪತ್ರದಲ್ಲಿ, ಭೂಮಿ ತಿರುಗುವುದಕ್ಕೆ ಇದನ್ನೇ ಸಾಕ್ಷಿಯಾಗಿ ಬಳಸಬಹುದು ಎಂದು ಸೂಚಿಸಿದ. 1831ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಗಣಿಬಾವಿಯೊಂದರಲ್ಲಿ ಭೌತವಿಜ್ಞಾನಿ ರೈಶ್ ಸುಮಾರು 158 ಮೀಟರ್ ಆಳಕ್ಕೆ ಗುಂಡುಗಳನ್ನು ಮತ್ತೆ ಮತ್ತೆ ಬಿಟ್ಟು ಅಳೆದ. ಅವು ಸರಾಸರಿ 28 ಮಿಲಿಮೀಟರ್ ಪೂರ್ವಕ್ಕೆ ಬಿದ್ದಿದ್ದವು.