ಫ್ರೇಸಲ್ ವರ್ಬ್‌ಗಳನ್ನು ದಿನಕ್ಕೆ ಎಷ್ಟು ಬಾಯಿಪಾಠ ಮಾಡಬೇಕು?

ಫ್ರೇಸಲ್ ವರ್ಬ್ ಅಂದರೆ ಕ್ರಿಯಾಪದಕ್ಕೆ ‘ಔಟ್’, ‘ಆಫ್’ ಥರದ ಬಾಲ ಅಂಟಿ ಅರ್ಥವೇ ಬೇರೆಯಾಗುವ ಇಂಗ್ಲಿಷ್ ಜೋಡಿ. ಅವುಗಳ ಪಟ್ಟಿ ಇಟ್ಟುಕೊಂಡು ಓದುತ್ತಿದ್ದೀರಿ, ಆದರೂ ಸಮಯಕ್ಕೆ ಒಂದೂ ಒದಗುವುದಿಲ್ಲ, ಅಲ್ವಾ? ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರವೂ ಅಂಥದ್ದೊಂದು ನೋಟ್‌ಬುಕ್ ಇತ್ತು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ‘ರನ್ ಔಟ್ ಆಫ್’ ಅಂದರೆ ಮುಗಿದುಹೋಗು, ‘ರನ್ ಇಂಟು’ ಅಂದರೆ ಅಚಾನಕ್ಕಾಗಿ ಎದುರಾಗು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಆಗ ಲಂಡನ್ನಿನ ಕ್ಲೈಂಟ್ ಕಡೆಯಿಂದ ಒಂದು ಮೇಲ್ ಬಂತು. ‘ರನ್ ಇಟ್ ಬೈ ಫೈನಾನ್ಸ್ ಬಿಫೋರ್ ಫ್ರೈಡೇ.’ ‘ಇಟ್’ ಅಂದರೆ ನಾನು ಬರೆದಿದ್ದ ಸ್ಕ್ರಿಪ್ಟ್. ಬಿಲ್ ಕಟ್ಟದ ಗ್ರಾಹಕರಿಗೆ ತಾನಾಗಿ ಮೇಲ್ ಕಳಿಸುವ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮು. ಸ್ಕ್ರಿಪ್ಟ್ ‘ರನ್’ ಮಾಡುವುದು ನಮಗೆ ದಿನದ ಕೆಲಸ. ‘ರನ್ ಬೈ’ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಇದ್ದಿದ್ದರೂ ಗುರುತು ಹತ್ತುತ್ತಿರಲಿಲ್ಲ, ನಡುವೆ ‘ಇಟ್’ ಕೂತಿತ್ತಲ್ಲ. ಫೈನಾನ್ಸ್‌ನವರ ಪರವಾಗಿ ಶುಕ್ರವಾರದೊಳಗೆ ಓಡಿಸು ಅಂತ ಓದಿಕೊಂಡೆ. ಗುರುವಾರ ಸಂಜೆ ಓಡಿಸಿಯೂಬಿಟ್ಟೆ. ಅವರು ಹೇಳಿದ್ದು, ಫೈನಾನ್ಸ್‌ನವರಿಗೆ ಒಮ್ಮೆ ತೋರಿಸಿ ಅವರೇನಂತಾರೆ ಕೇಳು ಅಂತ. ಓಡಿಸು ಅಂತ ಹೇಳೇ ಇರಲಿಲ್ಲ! ದುಡ್ಡು ಕಟ್ಟಿಯಾದವರಿಗೂ ‘ಬಾಕಿ ಇದೆ’ ಅಂತ ಮೇಲ್ ಹೋಯಿತು. ಕ್ಲೈಂಟ್ ಇರುವಲ್ಲಿಗೇ ಹೋಗಿ ಕೆಲಸ ಮಾಡುವ ನನ್ನ ಆನ್‌ಸೈಟ್ ಅವಕಾಶ ಬೇರೆಯವರ ಪಾಲಾಯಿತು. ಬೈದದ್ದೂ ಇಂಗ್ಲಿಷಿನಲ್ಲೇ. ಅದು ಮಾತ್ರ ಪೂರ್ತಿ ಅರ್ಥವಾಯಿತು.

ಹಾಗಾಗಿ ದಿನಕ್ಕೆ ಎಷ್ಟು ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ‘ಕೈ ಕೊಟ್ಟ’, ‘ಕೈ ಬಿಟ್ಟ’, ‘ಕೈ ಹಾಕಿದ’ ಇವನ್ನೆಲ್ಲ ಯಾರಾದರೂ ಪಟ್ಟಿ ಮಾಡಿ ಕಲಿತಿದ್ದಾರಾ? ಯಾರು ಯಾರಿಗೆ ಕೈ ಕೊಟ್ಟರು ಅನ್ನೋ ಸುದ್ದಿ ಕೇಳಿಕೊಂಡೇ ಕಲಿತದ್ದು. ಇಂಗ್ಲಿಷಿನದ್ದನ್ನೂ ವಾಕ್ಯದ ಸಮೇತ ಹಿಡಿಯಿರಿ. ‘ಟರ್ನ್ ಆಫ್’ ಅಂತಷ್ಟೇ ಬರೆದುಕೊಂಡರೆ ದಂಡ. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡೂ ನಡೆಯುತ್ತವೆ. ‘ಇಟ್’ ಬಂದರೆ ಮಾತ್ರ ‘ಟರ್ನ್ ಇಟ್ ಆಫ್’ ಒಂದೇ ಸರಿ. ‘ಲುಕ್ ಆಫ್ಟರ್’ (ನೋಡಿಕೊಳ್ಳು) ಹಾಗಲ್ಲ, ನಡುವೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹರ್’ ಅಂತಲೇ ಹೇಳಬೇಕು. ಇದು ಪಟ್ಟಿಯಲ್ಲಿ ಕಾಣುತ್ತಾ?

ಕೆಲಸದ ಮೇಲ್‌ನಲ್ಲಿ ಅನುಮಾನ ಬಂದರೆ ನಿಮಗೆ ಅರ್ಥವಾದದ್ದನ್ನು ಸಾದಾ ಮಾತಿನಲ್ಲಿ ಬರೆದು ‘ಹೀಗೇ ತಾನೇ?’ ಅಂತ ಕೇಳಿಬಿಡಿ. ಅವಮಾನವೇನಿಲ್ಲ.

ಇನ್ನು ಬಳಸುವ ವಿಚಾರಕ್ಕೆ ಅವಸರ ಬೇಡ. ಮೀಟಿಂಗ್ ‘ಪುಟ್ ಆಫ್’ ಆದರೆ ಮುಂದಕ್ಕೆ ಹೋಗಿದೆ, ‘ಕಾಲ್ ಆಫ್’ ಆದರೆ ರದ್ದೇ ಆಗಿದೆ. ಇಷ್ಟು ಕಿವಿಗೆ ಗೊತ್ತಾಗಬೇಕು. ನೀವು ಬರೆಯುವಾಗ ‘ಪೋಸ್ಟ್‌ಪೋನ್’, ‘ಕ್ಯಾನ್ಸಲ್’ ಅಂತಲೇ ಬರೆಯಿರಿ, ಯಾರೂ ಮಾರ್ಕ್ಸ್ ಕಳೆಯುವುದಿಲ್ಲ. ಜಾಸ್ತಿ ಇಂಗ್ಲಿಷು ಕಾಣಲಿ ಅಂತ ಸುಮ್ನೆ ಬಾಲ ಅಂಟಿಸಲು ಹೋದರೆ, ನಮ್ಮ ಆಫೀಸುಗಳಲ್ಲಿ ದಿನಾ ಕೇಳುವ ‘ಕೋಪ್ ಅಪ್ ವಿತ್’ ಆಗುತ್ತದೆ. ಅಲ್ಲಿ ‘ಅಪ್’ ಬೇಡವೇ ಬೇಡ, ನಿಭಾಯಿಸು ಅನ್ನೋದಕ್ಕೆ ‘ಕೋಪ್ ವಿತ್’ ಸಾಕು.