ಕಡಲ ತೆಂಗು ಕೊಳ್ಳುವ ಮೊದಲು ಕಾಗದ ಕೇಳಿ

ಬಳ್ಳಾರಿಯಲ್ಲಿ ಒಬ್ಬರು ಕಡಲ ತೆಂಗು (ಕೋಕೋ ಡಿ ಮೇರ್, ಎರಡು ಕಾಯಿ ಕೂಡಿದಂತೆ ಕಾಣುವ ಭಾರಿ ಬೀಜ) ಮಾರುತ್ತಿದ್ದಾರೆ, ಷೋಕೇಸಿಗೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಮೊದಲು ಕಾಗದ ಕೇಳಿ. ಈ ಮರ ತಾನಾಗಿ ಬೆಳೆಯುವುದು ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ನ ಪ್ರಾಸ್ಲಿನ್, ಕ್ಯೂರಿಯೂಸ್ ದ್ವೀಪಗಳಲ್ಲಿ ಮಾತ್ರ, ಒಂದು ಕಾಯಿ ಬಲಿಯಲು ಆರೇಳು ವರ್ಷ ಬೇಕು, ಅದಕ್ಕೇ ಅಲ್ಲಿಂದ ಹೊರಗೆ ತರಲು ರಫ್ತು ಪರವಾನಗಿ ಇರಲೇಬೇಕು. ಕಾಗದ ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ, ಕದ್ದ ಕಾಯಿ ಮನೆಯಲ್ಲಿ ಯಾಕೆ ಅಲ್ವಾ?

ಇಡೀ ಬೀಜ 25 ಕೆಜಿವರೆಗೂ ತೂಗಬಹುದು. ಆದರೆ ಅಲಂಕಾರಕ್ಕೆ ಮಾರುವುದು ಹೆಚ್ಚಾಗಿ ತಿರುಳು ತೆಗೆದ ಚಿಪ್ಪು, ಹಾಗಾಗಿ ಹಗುರ ಇದೆ ಅಂತ ಸುಮ್ನೆ ನಕಲಿ ಅನ್ನಬೇಡಿ. ಅಸಲಿಯೇ ಅಂತ ತಿಳಿಯಲು ಎರಡು ಹೋಳು ಕೂಡುವ ಸಂದಿನಲ್ಲಿ ಒರಟು ನಾರಿನ ಕುಚ್ಚು ಇದೆಯಾ ನೋಡಿ. ಪಾಲಿಶ್ ಜಾಸ್ತಿ ಇಲ್ಲದ ಕರಿ ಚಿಪ್ಪೇ ನನಗೆ ಇಷ್ಟ. ನಮ್ಮ ಬಿಸಿಲಿಗೆ ಕಿಟಕಿ ಪಕ್ಕ ಇಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.